ಬೂದು ಬಣ್ಣದ ಕರ್ಸರ್

"ಅಯ್ಯೋ... ನನ್ನ ಹೊಲಿಗೆ!"

ಸೂಜಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ಮಟಮಟ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ಉದ್ದನೆಯ ಆ ಕೋಣೆಯಲ್ಲಿ ಅವಳೊಬ್ಬಳೇ. ಪರದೆ ಎಳೆದ ಕಿಟಕಿ, ಮೂಲೆಯಲ್ಲಿ ಗುಂಯ್ ಎನ್ನುವ ಮೆಷಿನ್, ಯಾರೋ ಅರ್ಧ ಕುಡಿದಿಟ್ಟ ಚಹಾದ ಕಪ್ಪು.

ಕಂಪ್ಯೂಟರಿನಲ್ಲಿ ಮಾತ್ರ ಎರಡು ಕರ್ಸರ್!

ಕಿತ್ತಳೆ ಬಣ್ಣದ್ದು ಅವಳದು. ಇನ್ನೊಂದು ಬೂದು. ಗೋಡೆಯ ಮೇಲೆ ನಡೆಯುವ ಬೆಕ್ಕಿನಂತೆ ಅದು ಅಕ್ಷರದಿಂದ ಅಕ್ಷರಕ್ಕೆ ಮೆತ್ತಗೆ ಕಾಲಿಡುತ್ತಾ ಬಂತು. ಬೆಳಗಿನಿಂದ ಕಣ್ಣು ಕಿತ್ತು ಕೈಗೆ ಬರುವಷ್ಟು ನೋಡಿ ನೋಡಿ ಅವಳು ಹಾಕಿದ್ದ ಜೋಡಣೆಯ ಬಳಿ ನಿಂತಿತು.

ಒಂದು ಕ್ಷಣ... ಅಷ್ಟೇ.

ಹೊಲಿಗೆ ಬಿಚ್ಚಿಕೊಂಡಿತು. ಒಂದಾಗಿದ್ದ ಎರಡು ಸಾಲುಗಳು ಬೇರೆಯಾಗಿ, ನಡುವೆ ಕಪ್ಪು ಕಂದಕ ಬಾಯಿ ತೆರೆಯಿತು.

"ಯಾರ್ರೀ ಅದು?"

ಉತ್ತರವಿಲ್ಲ. ಮೇಜಿನ ಕೆಳಗೂ ಒಮ್ಮೆ ಬಗ್ಗಿ ಕೇಳಿದಳು. ಅಲ್ಲೂ ಇಲ್ಲ.

ಆಗ ತಲೆಯ ಮೇಲೆ, ಛಾವಣಿಯ ಆಚೆ, ಗರ್ರ್ರ್... ಎಂದು ಏನೋ ಉರುಳಿತು. ನಿಂತಿತು. ಬೂದು ಕರ್ಸರೂ ನಿಂತು, ಫಕ್ಕನೆ ಆರಿಹೋಯಿತು.

ಸೂಜಿಯ ಬೆನ್ನಿನ ಮೇಲೆ ಮಂಜಿನ ಹನಿ ಇಳಿದಂತಾಯಿತು.

ಸೂಜಿ ಎಂದರೆ ಸೂಜಿಯೇ. ಮೈಯೂ ಹಾಗೆ, ಮಾತೂ ಹಾಗೆ. ಕಣ್ಣಂತೂ ಕೇಳಲೇಬೇಡಿ! ಸಾಲಾಗಿ ಹೋಗುವ ಇರುವೆಗಳಲ್ಲಿ ಯಾವುದರ ಮುಂಗಾಲು ಉಳುಕಿದೆ ಎಂದು ಕುಳಿತಲ್ಲೇ ಹೇಳಿಬಿಡುವವಳು. ಆ ಕಣ್ಣಿನಿಂದಲೇ ಅವಳಿಗೆ ಈ ಕೆಲಸ ಸಿಕ್ಕಿದ್ದು.

ಮನುಷ್ಯನ ಮೈಯೊಳಗೆ ಡಿಎನ್‌ಎ ಎಂಬ ದಾರವಿದೆ. ಅದರ ತುಂಬ ನಾಲ್ಕೇ ಅಕ್ಷರ... ಎ, ಸಿ, ಜಿ, ಟಿ. ಮೂಗು ನೆಟ್ಟಗೋ ಸೊಟ್ಟಗೋ, ಕೂದಲು ಗುಂಗುರೋ ನೀಳವೋ, ಎಲ್ಲ ಆ ನಾಲ್ಕರಲ್ಲೇ. ಆದರೆ ಇಲ್ಲಿನ ಮೆಷಿನಿಗೆ ಅಷ್ಟುದ್ದದ ದಾರವನ್ನು ಒಂದೇ ಉಸಿರಿಗೆ ಓದಲಾಗದು. ತುಂಡು ತುಂಡಾಗಿ ಓದುತ್ತದೆ. ಆ ತುಂಡುಗಳನ್ನು ಒಂದರ ಕೆಳಗೊಂದು ಸಾಲಾಗಿ ಹಾಸಿ ತೋರಿಸುವ ಸಾಫ್ಟ್‌ವೇರ್ ಒಂದಿತ್ತು. ಅದನ್ನು ಎಲ್ಲರೂ ಕರೆಯುತ್ತಿದ್ದುದು 'ಮಗ್ಗ' ಎಂದು. ಮಗ್ಗದ ಮುಂದೆ ಕುಳಿತು, ತುಂಡುಗಳು ಜಗಳವಾಡುವ ಕಡೆ ಯಾವ ಅಕ್ಷರ ಸರಿ ಎಂದು ತೀರ್ಮಾನಿಸಿ, ತಿದ್ದಿ, ತುದಿಗೆ ತುದಿ ಹೊಲಿಯುವುದು ಸೂಜಿಯ ಕೆಲಸ.

ಪ್ರತಿ ತುಂಡಿನ ಕೊನೆಗೆ ಬರುವಷ್ಟರಲ್ಲಿ ಮೆಷಿನಿಗೆ ಸುಸ್ತು. ಓದು ಮಸುಕಾಗುತ್ತದೆ. ಆ ಮಸುಕು ಅಕ್ಷರಗಳನ್ನು ಮಗ್ಗ ಮುಚ್ಚಿಡುತ್ತದೆ. ಒಂದು ಗುಂಡಿ ಒತ್ತಿದರೆ ಸಾಕು, ಬೂದು ಬಣ್ಣದಲ್ಲಿ ಎದ್ದು ಬರುತ್ತವೆ... ಮುಸ್ಸಂಜೆಯಲ್ಲಿ ದೂರದಿಂದ ನೋಡುವ ಮುಖಗಳಂತೆ.

ಈ ಫೈಲನ್ನು ಅವಳ ಕೈಗೆ ಕೊಟ್ಟವರು ಮೇಡಂ. ಆ ಜಾಗದ ಒಡತಿ. ಕೆಳಗಿನ ಮಹಡಿ ಲ್ಯಾಬು, ಮೇಲಿನ ಮಹಡಿ ಅವರ ಮನೆ. ಅಲ್ಲಿ ಯಾವ ಟ್ಯೂಬಿನ ಮೇಲೂ ಹೆಸರಿರುವುದಿಲ್ಲ, ಗುರುತು ಮಾತ್ರ. ಈ ಫೈಲಿನ ಗುರುತು 'ಮನೆ'.

"ಇದು ಬದುಕಿರೋ ಒಬ್ಬ ಹುಡುಗನದು ಕಣಮ್ಮ," ಎಂದಿದ್ದರು ಮೇಡಂ. "ನಡುವೆ ಒಂದು ಕಂದಕ ಇದೆ. ಅಲ್ಲಿ ಅವೇ ಮೂರು ಅಕ್ಷರ ಮತ್ತೆ ಮತ್ತೆ ಬರ್ತವೆ. ಆ ಸರ ಗಿಡ್ಡ ಇದ್ರೆ ಅವನು ಆರಾಮ."

"ಉದ್ದ ಇದ್ರೆ ಮೇಡಂ?"

"ಮೊದಲು ಕೈ ನಡುಗುತ್ತೆ. ಆಮೇಲೆ ನಡಿಗೆ ಹೋಗುತ್ತೆ. ಕೊನೆಗೆ ಮಾತು..." ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಅವನ ಅಪ್ಪ ಹಾಗೇ ಹೋದ್ರು. ನೀನು ಆ ಕಂದಕಕ್ಕೆ ಹೊಲಿಗೆ ಹಾಕು. ಅವನ ಜೀವನ ಅಲ್ಲೇ ನಿಂತುಬಿಟ್ಟಿದೆ."

ಅಂದಿನಿಂದ ಸೂಜಿಗೆ ಆ ಕಾಣದ ಹುಡುಗನ ಮೇಲೆ ಏನೋ ಕರುಣೆ. 'ಪಾಪ... ಎಲ್ಲಿದ್ದಾನೋ... ದಿನಾ ಫೋನ್ ನೋಡ್ತಾ ಕೂತಿರ್ತಾನೇನೋ!'

ಹಾಗೆಂದುಕೊಂಡು ಹೊಲಿಗೆ ಹಾಕಿದರೆ, ಈ ಬೂದು ಬೆಕ್ಕು ಬಂದು ಬಿಚ್ಚುವುದೇ?

ಊಟ ಮುಗಿಸಿ ಬಂದ ಮೆಷಿನಣ್ಣನನ್ನು ಹಿಡಿದಳು. ಓದುವ ಮೆಷಿನನ್ನು ನೋಡಿಕೊಳ್ಳುವ ಹಿರಿಯ ಆತ. ಕೆಮ್ಮಿದರೂ ಮೆಷಿನಿಗೆ ಕ್ಷಮೆ ಕೇಳುವ ಸಾಧು ಪ್ರಾಣಿ.

"ಅಣ್ಣಾ, ಬೂದು ಕರ್ಸರ್ ಯಾರದು?"

ಮೆಷಿನಣ್ಣನ ಮುಖ ಸುಣ್ಣ ಬಳಿದಂತಾಯಿತು. "ಯಾಕೆ ಕೇಳ್ತೀಯಾ?"

"ನನ್ನ ಹೊಲಿಗೆ ಬಿಚ್ಚಿ ಹೋಯ್ತು."

"ಸುಮ್ನಿರು ಮಾರಾಯ್ತಿ! ಅದು ಮೇಡಂ ಅವರ ದೊಡ್ಡ ಮಗನ ಲಾಗಿನ್. ಅವನು ತೀರಿಕೊಂಡಿದ್ದಾನೆ. ನಾನೇ ಹೆಗಲು ಕೊಟ್ಟಿದ್ದೀನಿ."

ಸೂಜಿ ಕುರ್ಚಿ ಎಳೆದುಕೊಂಡು ಅವನ ಹತ್ತಿರ ಸರಿದಳು.

"ಚಿಕ್ಕವನೂ ಇದ್ದ. ಈ ಮಗ್ಗ ಬರೆದವನೇ ಅವನು. ಅಣ್ಣ ಹೋದ ಮೇಲೆ ಅವನೂ ಕಣ್ಣಿಗೆ ಬೀಳಲಿಲ್ಲ. ಎಲ್ಲೋ ದೂರ ಇದ್ದಾನೆ ಅಂತಾರೆ ಮೇಡಂ. ಅವರ ಮುಂದೆ ಈ ಮಾತು ಎತ್ತಬೇಡ, ನಿನ್ನ ಕೈ ಮುಗಿತೀನಿ."

ಸತ್ತವನು ಬಂದು ಹೊಲಿಗೆ ಬಿಚ್ಚಿದನೇ!

ಬೇರೆಯವರಾಗಿದ್ದರೆ ಅವತ್ತೇ ಚಪ್ಪಲಿ ಬಿಟ್ಟು ಓಡುತ್ತಿದ್ದರು. ಸೂಜಿಗೆ ಹೆದರಿಕೆಯಾಗಲಿಲ್ಲವೆಂದಲ್ಲ. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಪಕ್ಕದ ಮೇಜಿನ ಪೆನ್ನು ಉರುಳಿ ಬಿತ್ತು. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಗೇಣು ಮೇಲಿತ್ತು.

ಮರುದಿನ ಮಧ್ಯಾಹ್ನ ಮತ್ತೆ ಹೊಲಿಗೆ ಹಾಕಿ, ಕಾದಳು.

ಛಾವಣಿಯಲ್ಲಿ ಗರ್ರ್ರ್...

ಬೂದು ಕರ್ಸರ್ ಬಂತು.

ಮಗ್ಗದಲ್ಲಿ ಯಾವ ಅಕ್ಷರದ ಮೇಲೆ ಬೇಕಾದರೂ ಒಂದು ಚೀಟಿ ಅಂಟಿಸಿ ಮಾತು ಬರೆಯಬಹುದು. ಸೂಜಿ ಒಂದನ್ನು ಅಂಟಿಸಿದಳು: "ಯಾರು ನೀವು?"

ಆಮೇಲೆ ಅವಳ ಚೀಟಿಯ ಕೆಳಗೆ ಇನ್ನೊಂದು ಮೂಡಿತು.

"ಇಲ್ಲಿ ಹೊಲಿಯಬೇಡ."

'ಓಡು...' ಎಂದಿತು ಕಾಲು. 'ಕೂತ್ಕೋ' ಎಂದಿತು ಹಟ.

"ದೆವ್ವಪ್ಪ, ನಿಮಗೆ ಸತ್ತ ಮೇಲೂ ಬೇರೆ ಕೆಲಸ ಇಲ್ವಾ?" ಎಂದು ಬರೆದುಬಿಟ್ಟಳು.

ಛಾವಣಿಯಲ್ಲಿ ಏನೋ ಸದ್ದು. ಯಾರೋ... ನಕ್ಕ ಹಾಗೆ? ಛೇ! ದೆವ್ವ ನಗುತ್ತದೆಯೇ?

"ಊಟದ ಹೊತ್ತಲ್ಲಿ ಮಾತ್ರ ಬಿಡುವು," ಎಂದು ಬಂತು ಉತ್ತರ.

ಮನೆಗೆ ಹೋಗಿ ಅಜ್ಜಿಯ ಮುಂದೆ ಎಲ್ಲ ಕಕ್ಕಿದಳು. ಅಜ್ಜಿ ಒಂದು ಕಾಲದಲ್ಲಿ ನಾಟಕದ ಕಂಪನಿಗೆ ಬಟ್ಟೆ ಹೊಲಿದವಳು. ರಾಜನಿಗೂ ರಾಕ್ಷಸನಿಗೂ ಅವಳದೇ ಅಳತೆ.

"ವಯಸ್ಸೆಷ್ಟಂತೆ?" ಕೇಳಿದಳು ಅಜ್ಜಿ.

"ದೆವ್ವದ ವಯಸ್ಸು ಕೇಳ್ತೀಯಲ್ಲಜ್ಜಿ!"

"ಮದುವೆ ಆಗಿದೆಯಾ ಅಂತಾದ್ರೂ ಕೇಳೇ. ನಿನಗೆ ಬದುಕಿರೋನು ಯಾವನೂ ಒಪ್ಪಿಗೆ ಆಗ್ತಿಲ್ಲ, ಇವನಾದ್ರೂ ಆಗ್ತಾನೇನೋ."

"ಅಜ್ಜೀ!"

"ನಗಬೇಡ, ಕೇಳು." ಅಜ್ಜಿಯ ದನಿ ಮೆತ್ತಗಾಯಿತು. "ಹೊಲಿಗೆ ಬಿಚ್ಚೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಹೊಟ್ಟೆಕಿಚ್ಚಿಗೆ ಬಿಚ್ಚೋರು ಪರಪರ ಅಂತ ಹರೀತಾರೆ. ನಿನ್ನ ದೆವ್ವ ಹೆಂಗೆ ಬಿಚ್ಚುತ್ತೆ?"

ಸೂಜಿ ನೆನಪಿಸಿಕೊಂಡಳು. ಒಂದಕ್ಷರವೂ ಕೆಡದಂತೆ, ಗಾಯದ ಪಟ್ಟಿ ಬಿಚ್ಚುವ ಹಾಗೆ...

"ಮೆತ್ತಗೆ," ಎಂದಳು.

"ಹಂಗಾದ್ರೆ ಅದಕ್ಕೆ ಆ ಬಟ್ಟೆ ಹಾಕ್ಕೊಳ್ಳೋಕೆ ಭಯ ಕಣೇ."

ದಿನಗಳು ಉರುಳಿದವು. ಸೂಜಿ ಹೊಲಿಯುವುದು, ದೆವ್ವ ಬಿಚ್ಚುವುದು. ನಡುವೆ ಚೀಟಿಗಳು.

"ಇವತ್ತು ಊಟಕ್ಕೆ ಏನು?" ಅವಳು ಬರೆಯುತ್ತಿದ್ದಳು.

"ನೆನಪುಗಳು. ಉಪ್ಪು ಕಡಿಮೆ."

"ನಿಮ್ಮ ಅಡುಗೆಯವರನ್ನ ಬದಲಾಯಿಸಿ!"

ಒಂದು ದಿನ ಬಂದ ಚೀಟಿ ನೋಡಿ ಮಾತ್ರ ಅವಳ ಮೈ ಜುಮ್ಮೆಂದಿತು.

"ನಿನ್ನೆ ಹಸಿರು ಛತ್ರಿ ಮರೆತು ಹೋದೆ. ನೆನೆದುಕೊಂಡು ಓಡಿದೆ. ಮೂರು ಸಲ ಜಾರಿದೆ. ಬಿದ್ದಿದ್ದರೆ?"

ಅವಳು ಸುತ್ತ ನೋಡಿದಳು. ಖಾಲಿ ಕುರ್ಚಿಗಳು. ಛತ್ರಿ ನಿಲ್ಲಿಸಿದ್ದ ಮೂಲೆಯೂ ಖಾಲಿ! 'ನನ್ನನ್ನ ನೋಡ್ತಾನೆ... ಎಲ್ಲಿಂದ?'

ಹೆದರಬೇಕಿತ್ತು. ಆದರೆ ಎದೆಯೊಳಗೆ ಎಲ್ಲೋ ಒಂದು ಮೂಲೆ ಬೆಚ್ಚಗಾಯಿತು. 'ಬಿದ್ದಿದ್ದರೆ?' ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಮರುದಿನ ಸೂಜಿ ಹೊಸ ನೀಲಿ ಬಟ್ಟೆ ಹಾಕಿಕೊಂಡು ಬಂದಳು. ದೆವ್ವಕ್ಕಾಗಿ! ಕನ್ನಡಿಯ ಮುಂದೆ ನಿಂತಾಗ ಅವಳಿಗೇ ನಾಚಿಕೆ. 'ನಿನಗೆ ತಲೆ ಕೆಟ್ಟಿದೆ ಕಣೇ,' ಎಂದು ಕನ್ನಡಿಗೆ ಬೈದಳು.

ಆದರೂ ಆ ಬದುಕಿರುವ ಹುಡುಗನನ್ನು ಮರೆಯಲಾದೀತೇ? ಆ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಬರೆದಳು.

"ಕೇಳಿ. ಈ ಫೈಲಿಗೆ ಒಬ್ಬ ಕಾಯ್ತಾ ಇದ್ದಾನೆ. ತನಗೆ ಕಾಯಿಲೆ ಇದೆಯೋ ಇಲ್ವೋ ಅಂತ ದಿನಾ ಸಾಯ್ತಿದ್ದಾನೆ. ನಿಮ್ಮದಂತೂ ಮುಗೀತು. ಅವನಾದ್ರೂ ಬದುಕಲಿ, ಬಿಡಿ!"

ಅದರ ಕೆಳಗೆ ಉತ್ತರ ಅಂಟಿಕೊಂಡಿತು.

"ಅವನು ಕಾಯುತ್ತಿಲ್ಲ."

ಸೂಜಿ ಕಣ್ಣು ಕಿರಿದು ಮಾಡಿದಳು. ಇನ್ನೊಂದು ಚೀಟಿ...

"ಅವನಿಗೆ ಗೊತ್ತು."

ಕರ್ಸರ್ ಆರಿಹೋಯಿತು.

ಅವತ್ತೇ ಸಂಜೆ ಮೇಡಂ ಕರೆಸಿದರು. ಅವರ ಮುಂದೆ ಮಗ್ಗ ತೆರೆದಿತ್ತು. ಯಾವ ತಿದ್ದುಪಡಿ ಯಾರ ಲಾಗಿನ್ನಿನಿಂದ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಮೇಡಂ ತುಟಿ ಬಿಳಿಚಿತ್ತು.

"ಇದೇನಿದು?"

"ಮೇಡಂ... ನಾನು ಹೊಲಿದದ್ದನ್ನ ಅದು..."

"ನನ್ನ ದೊಡ್ಡ ಮಗನ ಹೆಸರಲ್ಲಿ! ಸತ್ತ ಮಗುವಿನ ಹೆಸರಲ್ಲಿ ಆಟ ಆಡ್ತೀಯಾ? ಅವನ ಹೆಸರಲ್ಲಿ ನೀನೇ ಚೀಟಿ ಅಂಟಿಸಿ, ನೀನೇ ಉತ್ತರ ಕೊಟ್ಕೊಂಡು..."

"ನಾನಲ್ಲ ಮೇಡಂ! ನನ್ನಾಣೆಗೂ..."

"ಅವನ ಪಾಸ್‌ವರ್ಡ್ ಎಲ್ಲಿ ಸಿಕ್ತು ನಿನಗೆ? ಬೇಡ, ಹೇಳಬೇಡ." ಮೇಡಂ ಮುಖ ತಿರುಗಿಸಿದರು. "ನಾಳೆ ಮಧ್ಯಾಹ್ನದ ತನಕ ಇದ್ದು, ಕೆಲಸ ಒಪ್ಪಿಸಿ ಹೋಗು. ಇನ್ನು ಬರಬೇಡ."

ಮರುದಿನ ಸೂಜಿ ತನ್ನ ಕಪ್ಪು, ಬಾಚಣಿಗೆ, ಬೆನ್ನಿಗಿಡುವ ದಿಂಬು ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಎಲ್ಲರೂ ಊಟಕ್ಕೆ ಹೋದರು. ಕೊನೆಯ ಸಲ ಎಂದು ಮಗ್ಗ ತೆರೆದಳು.

"ನನ್ನ ಕೆಲಸ ಹೋಯ್ತು. ಖುಷಿನಾ?"

ಉತ್ತರವಿಲ್ಲ.

"ನಿಮ್ಮನ್ನ ನಂಬಿದೆ. ನಾನೆಂಥ ಪೆದ್ದಿ... ದೆವ್ವಕ್ಕೆ ಮನಸ್ಸು ಕೊಟ್ಟವಳು!"

ಬರೆದ ಮೇಲೆ ಬೆಚ್ಚಿದಳು. ಮನಸ್ಸು ಕೊಟ್ಟೆನೇ? ಕೊಟ್ಟೇಬಿಟ್ಟೆನೇ?

ಕಣ್ಣಿಂದ ಒಂದು ಹನಿ ಕೀಬೋರ್ಡಿನ ಮೇಲೆ ಬಿತ್ತು.

ಛಾವಣಿಯಲ್ಲಿ ಸದ್ದಿಲ್ಲ. ಒಂದಿಷ್ಟೂ ಇಲ್ಲ. ಆದರೂ... ಬೂದು ಕರ್ಸರ್ ಬಂತು.

ಈ ಸಲ ಬೆಕ್ಕಿನಂತೆ ಅಲ್ಲ. ನಡುಗುತ್ತಾ, ತಡವರಿಸುತ್ತಾ, ಒಂದಕ್ಷರ ಮುಂದೆ, ಒಂದಕ್ಷರ ಹಿಂದೆ... ಗೋಡೆ ಹಿಡಿದು ನಡೆಯುವವರಂತೆ. 'ಅಳ್ತಿದ್ದಾನಾ?' ಎಂದುಕೊಂಡಳು ಸೂಜಿ. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಗಿತ್ತು.

ಕರ್ಸರ್ ಕಂದಕದ ಅಂಚಿಗೆ ಬಂದು ನಿಂತು, ಒಂದು ಚೀಟಿ ಅಂಟಿಸಿತು.

"ಎಷ್ಟು ಜನ? ಎಣಿಸು."

ಅಷ್ಟೇ. ಆರಿಹೋಯಿತು.

ಎಷ್ಟು ಜನ ಎಂದರೇನು? ಒಬ್ಬನೇ ಅಲ್ಲವೇ?

ಸೂಜಿ ಕಣ್ಣೊರೆಸಿಕೊಂಡಳು. ಗುಂಡಿ ಒತ್ತಿದಳು. ಮುಚ್ಚಿಟ್ಟ ತುದಿಗಳೆಲ್ಲ ಬೂದು ಬಣ್ಣದಲ್ಲಿ ಎದ್ದು ನಿಂತವು. ಕಂದಕದ ಎರಡು ದಂಡೆಯಿಂದ ಒಳಗೆ ಕೈಚಾಚಿದ ಮಸುಕು ಸಾಲುಗಳು. ಕೆಲವು ಸರ ಗಿಡ್ಡ, ತಟಕ್ಕನೆ ಆಚೆ ದಡ ಸೇರುತ್ತಿದ್ದವು. ಕೆಲವು ಉದ್ದ... ಅವೇ ಮೂರು ಅಕ್ಷರ, ಅವೇ ಮೂರು, ಮುಗಿಯುವುದೇ ಇಲ್ಲವೇನೋ ಎಂಬಂತೆ.

'ಉದ್ದದ್ದೂ ಇದೆ, ಒಂದಿದ್ರೂ ಸಾಕು. ಪಾಪ ಹುಡುಗ... ಕಾಯಿಲೆ ಇದೆ.'

ಆದರೆ 'ಎಣಿಸು' ಎಂದಿದ್ದಾನಲ್ಲ?

ಮಗ್ಗಕ್ಕೆ ಒಂದು ನಿಯಮವಿತ್ತು. ಎರಡು ಸಾಲುಗಳ ನಡುವೆ ಚಿಕ್ಕ ವ್ಯತ್ಯಾಸವಿದ್ದರೆ, ಅದು ಮೆಷಿನಿನ ತೊದಲು ಎಂದು ಹೇಳಿ ಸಂಖ್ಯೆಯಲ್ಲಿ ಕಡಿಮೆ ಇರುವುದನ್ನು ಹೆಚ್ಚಿರುವುದರ ಕೆಳಗೆ ಮಡಚಿಬಿಡುತ್ತಿತ್ತು. ಯಾರೂ ಆ ನಿಯಮವನ್ನು ಮುಟ್ಟುತ್ತಿರಲಿಲ್ಲ. ಸೂಜಿ ಮುಟ್ಟಿದಳು. ತೆಗೆದುಹಾಕಿದಳು.

ಗಿಡ್ಡ ಸರಗಳ ಮಡಿಕೆ ಬಿಚ್ಚಿಕೊಂಡಿತು. ಒಳಗಿಂದ ಇನ್ನೊಂದು ಗುಂಪು ಹೊರಬಂತು. ಗಿಡ್ಡಕ್ಕಿಂತ ತುಸು ದೊಡ್ಡದು, ಉದ್ದಕ್ಕಿಂತ ತೀರಾ ಚಿಕ್ಕದು.

ಗಿಡ್ಡ. ನಡುವಿನದು. ಉದ್ದ.

ಮೂರು!

ಒಬ್ಬ ಮನುಷ್ಯನಲ್ಲಿ ಎರಡೇ ಇರಬೇಕು... ಅಮ್ಮ ಕೊಟ್ಟದ್ದೊಂದು, ಅಪ್ಪ ಕೊಟ್ಟದ್ದೊಂದು. ಮೂರನೆಯದನ್ನು ಯಾರು ಕೊಟ್ಟರು?

ಸೂಜಿಯ ರೋಮವೆಲ್ಲ ಎದ್ದು ನಿಂತಿತು. ಬಾಯಿಂದ ಪಿಸುಮಾತು ತಾನಾಗಿ ಹೊರಟಿತು.

"ಈ ಫೈಲಲ್ಲಿ... ಇಬ್ಬರಿದ್ದಾರೆ!"

ಅದೇ ಹೊತ್ತಿಗೆ ಛಾವಣಿಯಲ್ಲಿ ಗರ್ರ್ರ್... ಬೂದು ಕರ್ಸರ್ ಬೆಕ್ಕಿನ ಹೆಜ್ಜೆಯಲ್ಲಿ ಓಡಿ ಬಂತು.

"ಕೆಲಸ ಹೋಯಿತೇ? ಈಗ ನೋಡಿದೆ. ನನ್ನಿಂದಲೇ? ಕ್ಷಮಿಸು... ಕ್ಷಮಿಸು..."

ಸೂಜಿ ಚೀಟಿ ನೋಡಿದಳು. ಛಾವಣಿ ನೋಡಿದಳು. ಮತ್ತೆ ಚೀಟಿ, ಮತ್ತೆ ಛಾವಣಿ. ಸದ್ದು ಬಂದಾಗಲೆಲ್ಲ ಕರ್ಸರ್. ಚಕ್ರ ಇರುವ ಕುರ್ಚಿ! ದೆವ್ವಕ್ಕೆಲ್ಲಿಯ ಕುರ್ಚಿ?

ಮೆಟ್ಟಿಲು ಹತ್ತುವಾಗ ಎರಡೆರಡು ಒಟ್ಟಿಗೆ ಹಾರಿದಳು. ಮೇಲಿನ ಮನೆಯ ಕೊನೆಯ ಕೋಣೆ. ಮುಚ್ಚಿದ ಬಾಗಿಲು. ಬಾಗಿಲ ಪಕ್ಕ, ಗೋಡೆಗೆ ಒರಗಿಸಿ, ಒಣಗಿಸಿ, ಅಂದವಾಗಿ ಮಡಚಿಟ್ಟ ಅವಳ ಹಸಿರು ಛತ್ರಿ!

"ದೆವ್ವಪ್ಪಾ! ಬಾಗಿಲು ತೆಗಿ!"

ಛತ್ರಿ ಎತ್ತಿ ಬಾಗಿಲಿಗೆ ಕುಟ್ಟಿದಳು.

"ತೆಗೀದೆ ಇದ್ರೆ ಈ ಛತ್ರಿಯಿಂದಲೇ ಒಡಿತೀನಿ!"

ಚಿಲಕ ಸರಿಯಿತು.

ಗಡ್ಡ ಬೆಳೆದ, ಬಿಸಿಲು ಕಾಣದೆ ಬಿಳಿಚಿದ ಮುಖ. ಆ ಮುಖದಲ್ಲಿ ಮಳೆಗೆ ಸಿಕ್ಕ ಮರಿಯಂತೆ ಹೆದರಿದ ಎರಡು ಕಣ್ಣು. ಸೂಜಿ ಮೊದಲು ಮಾಡಿದ ಕೆಲಸವೆಂದರೆ, ಬೆರಳು ಚಾಚಿ ಅವನ ತೋಳಿಗೆ ಚುಚ್ಚಿದ್ದು.

"ಬೆಚ್ಚಗಿದ್ದೀಯ!"

"ಅಯ್ಯೋ... ನೋವಾಗುತ್ತೆ!"

"ನೋವೂ ಆಗುತ್ತೆ!" ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. "ನೀನು ಮೇಡಂ ಚಿಕ್ಕ ಮಗ ತಾನೆ? ಮಗ್ಗ ಬರೆದೋನು? ಸತ್ತ ಅಣ್ಣನ ಹೆಸರಲ್ಲಿ ನನ್ನ ಹೆದರಿಸ್ತಿದ್ದೆಯಲ್ಲ, ಮನುಷ್ಯನಾ ನೀನು?"

ಅವನು ತಲೆ ತಗ್ಗಿಸಿದ. "ಆ ಫೈಲ್ ನೋಡಿ ನೋಡಿ ಊಟ ಬಿಟ್ಟೆ ಅಂತ ಅಮ್ಮ ನನ್ನ ಲಾಗಿನ್ ಮುಚ್ಚಿಸಿಬಿಟ್ಟಳು. ಅಣ್ಣನ ಪಾಸ್‌ವರ್ಡ್ ನನಗೆ ಗೊತ್ತಿತ್ತು."

"ಬಿಚ್ಚಿದ್ದು ಯಾಕೆ?"

"ಸರ ಉದ್ದ ಇದೆ. ನಾನು ನೋಡಿದ್ದೀನಿ." ಅವನ ದನಿ ಒಡೆಯಿತು. "ಅಪ್ಪ ಹೋದ. ಅಣ್ಣ ಹೋದ... ಕೊನೆಕೊನೆಗೆ ಅಮ್ಮನ ಹೆಸರು ಹೇಳೋಕೂ ಆಗ್ತಿರಲಿಲ್ಲ ಅವನಿಗೆ. ನೀನು ಹೊಲಿದರೆ ಅಮ್ಮನೂ ನೋಡ್ತಾಳೆ. ಇನ್ನೊಬ್ಬ ಮಗನಿಗೂ ದಿನ ಲೆಕ್ಕ ಹಾಕ್ತಾ ಕೂರ್ತಾಳೆ. ಗೊತ್ತಿಲ್ಲದೆ ಇರೋಷ್ಟು ದಿನ ಅವಳಿಗೆ ಆಸೆ ಇರುತ್ತಲ್ಲ... ಅದನ್ನಾದ್ರೂ ಉಳಿಸೋಣ ಅಂತ."

ಸೂಜಿಯ ಸಿಟ್ಟೆಲ್ಲ ಗಾಳಿ ತೆಗೆದ ಬಲೂನಿನಂತೆ ಇಳಿಯಿತು.

"ನನ್ನ ಹತ್ರ ಯಾಕೆ ಮಾತಾಡಿದೆ ಮತ್ತೆ? ಛತ್ರಿ ಯಾಕೆ ಎತ್ತಿಟ್ಟೆ?"

"ನಿನ್ನ ನಗು ಇಲ್ಲಿಗೆ ಕೇಳ್ಸುತ್ತೆ." ಅವನು ನೆಲ ತೋರಿಸಿದ. "ಕಿಟಕಿಯಲ್ಲಿ ನೀನು ಬರೋದು ಕಾಣುತ್ತೆ. ಇವಳಿಗೆ ನಾನು ದೆವ್ವವಾಗೇ ಇರೋದು ಒಳ್ಳೇದು ಅಂದ್ಕೊಂಡೆ. ದೆವ್ವ ಸತ್ರೆ ಯಾರೂ ಅಳಲ್ವಲ್ಲ."

ಸೂಜಿ ಒಂದು ಹೆಜ್ಜೆ ಒಳಗಿಟ್ಟಳು.

"ಕೇಳು. ಆ ಉದ್ದ ಸರ ನಿನ್ನದು ಅಲ್ಲದೆ ಇರಬಹುದು. ಇರಬಹುದು ಅಷ್ಟೇ, ನಾನಿನ್ನೂ ನೋಡಿಲ್ಲ. ಅಲ್ಲಿ ಮೂರಿದೆ."

"ಮೂರಾ? ಸಾಧ್ಯವೇ ಇಲ್ಲ. ಒಬ್ಬನಲ್ಲಿ..."

"ಒಬ್ಬನಲ್ಲಿ ಎರಡೇ! ನೀನೇ ಬರೆದ ನಿಯಮ ಒಂದನ್ನ ಮಡಚಿ ಇಟ್ಟಿತ್ತು ಮಹರಾಯ. ಉದ್ದದ್ದು ಕಂಡ ತಕ್ಷಣ ನೀನು ಹೆದರಿ ಎದ್ದುಬಿಟ್ಟೆ, ಮಿಕ್ಕದ್ದು ನೋಡಲೇ ಇಲ್ಲ. ಆ ಫೈಲಲ್ಲಿ ಇಬ್ಬರಿದ್ದಾರೆ."

ಅವನು ಗೋಡೆ ಹಿಡಿದುಕೊಂಡ. "ಇಬ್ಬರು... ಅಂದ್ರೆ..."

"ಪ್ರತಿ ತುಂಡಿನ ಮೇಲೂ ಅದು ರಕ್ತದ ಸ್ಯಾಂಪಲ್ ಇಟ್ಟ ಯಾವ ತಟ್ಟೆಯಿಂದ ಮೆಷಿನಿಗೆ ಹೋಗಿದ್ದು ಅಂತ ಗುರುತಿರುತ್ತೆ. ಈಗಲೇ ನೋಡಬಹುದು. ಆದ್ರೆ ನೋಡೋಕೆ ಮುಂಚೆ..." ಸೂಜಿ ನಿಂತಳು. ಇರುವೆಯ ಕಾಲು ನೋಡುವ ಆ ಕಣ್ಣು ಮೊದಲ ಬಾರಿಗೆ ಮಂಜಾಗಿತ್ತು. "ಮುಂಚೆ ನಾನೊಂದು ಮಾತು ಹೇಳ್ಬೇಕು. ನೋಡಿದ ಮೇಲೆ ಹೇಳಿದ್ರೆ, ನೀನು ಗಟ್ಟಿ ಇದ್ದೀಯ ಅಂತ ಗೊತ್ತಾಗಿ ಹೇಳಿದ ಹಾಗಾಗುತ್ತೆ. ಇಲ್ಲಾ ಕರುಣೆಯಿಂದ ಹೇಳಿದ ಹಾಗಾಗುತ್ತೆ. ಎರಡೂ ನನಗೆ ಬೇಡ."

"ಏನು?"

"ನೀನು ಸತ್ತಿದ್ದೀಯ ಅಂತ ಗೊತ್ತಿದ್ದೂ ನಿನಗೋಸ್ಕರ ಹೊಸ ಬಟ್ಟೆ ಹಾಕ್ಕೊಂಡು ಬಂದೋಳು ನಾನು. ಇನ್ನು ಸಾಯಬಹುದು ಅನ್ನೋದಕ್ಕೆ ಹೆದರ್ತೀನಾ?"

ಅವನ ಕಣ್ಣಿಂದ ನೀರು ಹರಿಯಿತು. ಒರೆಸಿಕೊಳ್ಳಲೂ ಇಲ್ಲ.

"ನೀಲಿದು," ಎಂದ ಮೆಲ್ಲಗೆ. "ತುಂಬಾ ಚೆನ್ನಾಗಿತ್ತು."

ಇಬ್ಬರೂ ಅವನ ಕಂಪ್ಯೂಟರಿನ ಮುಂದೆ ಕುಳಿತರು. ಅವನ ಬೆರಳು ಕೀಲಿಯ ಮೇಲೆ ನಿಂತಲ್ಲೇ ನಿಂತಿತು. ಸೂಜಿ ತನ್ನ ಬೆರಳನ್ನು ಅದರ ಮೇಲಿಟ್ಟು, ಒತ್ತಿದಳು.

ಉದ್ದ ಸರಗಳು ಒಂದೊಂದಾಗಿ ತಮ್ಮ ಗುರುತು ತೋರಿಸಿದವು. ಒಂದು ಹಳೆಯ ತಟ್ಟೆ. ಇನ್ನೊಂದು, ಅದೇ ಹಳೆಯ ತಟ್ಟೆ. ಮತ್ತೊಂದು, ಅದೇ... ಎಲ್ಲವೂ ಅದೇ!

"ಇದು ಅಣ್ಣ ಇದ್ದಾಗ ಓದಿಸಿದ್ದು," ಎಂದ ಅವನು. ದನಿ ಯಾವುದೋ ಬಾವಿಯ ತಳದಿಂದ ಬಂದಂತಿತ್ತು. "ನನ್ನ ರಕ್ತ ಕೊಟ್ಟಿದ್ದು ಅವನು ಹೋದ ಮೇಲೆ."

ಅವನ ತಟ್ಟೆಯ ತುಂಡುಗಳಲ್ಲಿ ಎರಡೇ ಬಗೆ. ಗಿಡ್ಡ... ನಡುವಿನದು. ಅಷ್ಟೇ.

ಹಿಂದೆ ಏನೋ ಬಿದ್ದ ಸದ್ದು. ಬಾಗಿಲಲ್ಲಿ ಮೇಡಂ ನಿಂತಿದ್ದರು. ಕೈಯಿಂದ ಕನ್ನಡಕ ಜಾರಿತ್ತು.

"ನಾನೇ..." ಎಂದರು. "ಇದು ನಮ್ಮ ಮನೆ ಕಾಯಿಲೆ ಅಂತ ಲ್ಯಾಬಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಇಬ್ಬರಿಗೂ ಒಂದೇ ಗುರುತು ಕೊಟ್ಟೆ. 'ಮನೆ' ಅಂತ. ದೊಡ್ಡವನದನ್ನ ತೆಗೆಸಿದೀನಿ ಅಂದ್ಕೊಂಡಿದ್ದೆ... ಮಗ್ಗ ಗುರುತು ನೋಡಿ ಎರಡನ್ನೂ ಒಟ್ಟಿಗೆ ಎಳ್ಕೊಂಡಿದೆ."

"ಅಮ್ಮಾ..."

ಮೇಡಂ ಓಡಿ ಬಂದು ಗಡ್ಡದ ಮಗನನ್ನು ಮಗುವಿನ ಹಾಗೆ ತಬ್ಬಿಕೊಂಡರು. ಬಹಳ ಹೊತ್ತಿನ ಮೇಲೆ ಅವನ ಭುಜದ ಮೇಲಿಂದ ಸೂಜಿಯನ್ನು ನೋಡಿದರು.

"ಇನ್ನು ಬರಬೇಡ ಅಂದಿದ್ದೆನಲ್ಲ..."

"ಹೂಂ ಮೇಡಂ. ಚೀಲ ಕಟ್ಟಿಟ್ಟಿದ್ದೀನಿ."

"ಬಿಚ್ಚು," ಎಂದರು ಮೇಡಂ, ಮೂಗೊರೆಸುತ್ತಾ. "ಹೊಲಿಗೆ ಮಾತ್ರ ಅಲ್ಲ, ಬಿಚ್ಚೋದೂ ಬರ್ಬೇಕು ಈ ಕೆಲಸದಲ್ಲಿ. ನಾಳೆ ಬೇಗ ಬಾ."

ಹಳೆಯದನ್ನೇ ನಂಬಿ ಕೂರಬಾರದೆಂದು ಅವನು ಹೊಸದಾಗಿ ರಕ್ತ ಕೊಟ್ಟ. ಈ ಸಲ ಅವನದೇ ಗುರುತಿನಲ್ಲಿ. ಮೆಷಿನಣ್ಣ ಮೆಷಿನಿಗೆ ಕೈಮುಗಿದು ಓದಿಸಿದ. ಗಿಡ್ಡ, ನಡುವಿನದು. ಮೂರನೆಯದು ಎಲ್ಲೂ ಇಲ್ಲ.

ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಕೆಳಗಿನ ಕೋಣೆಯಲ್ಲಿ ಎರಡು ಕುರ್ಚಿ ಪಕ್ಕಪಕ್ಕ ಇದ್ದವು. ಗಡ್ಡ ಹೋಗಿತ್ತು. ಅವನಿಗೆ ತನ್ನದೇ ಲಾಗಿನ್ ವಾಪಸ್ ಸಿಕ್ಕಿತ್ತು, ಕರ್ಸರಿನ ಬಣ್ಣ ನೀಲಿ. ಇಬ್ಬರೂ ಸೇರಿ ಆ ಹಳೆಯ ಫೈಲನ್ನು ಬೇರ್ಪಡಿಸಿದರು. ತಮ್ಮನದು ಒಂದು ಕಡೆ, ಅಣ್ಣನದು ಇನ್ನೊಂದು ಕಡೆ. ತಮ್ಮನ ಫೈಲಿನ ಕಂದಕಕ್ಕೆ ಸೂಜಿ ಹೊಲಿಗೆ ಹಾಕಿದಳು. ಬೂದು ತುದಿಗೆ ಬೂದು ತುದಿ ಕೂಡಿ, ಒಂದೊಂದಾಗಿ ಕಪ್ಪು ಅಕ್ಷರವಾದವು.

"ಅಲ್ಲಾ," ಎಂದಳು ಸೂಜಿ, "ನಿಯಮ ನೋಡೋಕೆ ನಿನಗೇ ಹೊಳೀಲಿಲ್ಲ ಅಂತೀಯ. ಮತ್ತೆ ಅವತ್ತು 'ಎಷ್ಟು ಜನ? ಎಣಿಸು' ಅಂತ ಬರೆದಿದ್ದು ಹೇಗೆ?"

ಅವನು ತಿರುಗಿ ನೋಡಿದ.

"ನಾನಾ? ನಾನು ಹಾಗೆ ಬರೆದೇ ಇಲ್ಲ. ಅವತ್ತು ನಾನು ಮಲಗಿದ್ದೆ. ಎದ್ದು ಕುರ್ಚಿಗೆ ಬಂದ ಮೇಲೇ ನಿನ್ನ ಚೀಟಿ ನೋಡಿದ್ದು."

ಮೆಷಿನ್ ಗುಂಯ್ ಎನ್ನುತ್ತಿತ್ತು.

"ಅದು... ನಡುಗ್ತಿತ್ತು," ಎಂದಳು ಸೂಜಿ. "ಗೋಡೆ ಹಿಡ್ಕೊಂಡು ನಡೆಯೋ ಹಾಗೆ."

ಅವನ ಮುಖದಲ್ಲಿ ರಕ್ತವಿರಲಿಲ್ಲ. "ಅಣ್ಣ ಕೊನೆಗೆ ಹಾಗೇ ನಡೀತಿದ್ದ."

ಕಿತ್ತಳೆ ಕರ್ಸರ್ ಅವಳ ಕಡೆ. ನೀಲಿ ಅವನ ಕಡೆ. ಇಬ್ಬರ ಕೈಯೂ ಮಡಿಲಲ್ಲಿತ್ತು.

ಆಗ ಬೂದು ಕರ್ಸರ್ ಬಂತು.

ಒಂದ್ಹೆಜ್ಜೆ ಮುಂದೆ, ಒಂದ್ಹೆಜ್ಜೆ ಹಿಂದೆ... ಹೊಸ ಹೊಲಿಗೆಯ ಬಳಿ ಬಂದು ನಿಂತಿತು. ಸೂಜಿ ಉಸಿರು ಬಿಗಿಹಿಡಿದಳು. ಅದು ಹೊಲಿಗೆಯನ್ನು ಬಿಚ್ಚಲಿಲ್ಲ. ಬಟ್ಟೆಯ ಮೇಲೆ ಕೈಯಾಡಿಸಿ ನೋಡುವವರಂತೆ ಮೆಲ್ಲಗೆ ಅದರ ಮೇಲೆ ಹಾದು, ಸಾಲಿನ ಕೊನೆಗೆ ಹೋಗಿ, ಆರಿಹೋಯಿತು.

ಅವನ ಕೈ ಅವಳ ಕೈ ಹುಡುಕಿತು.

"ಹೆದರಿಕೆ ಆಗ್ತಿದೆಯಾ?" ಕೇಳಿದ.

"ಹೂಂ... ನಿನಗೆ?"

"ಇಲ್ಲ. ಅವನಿಗೂ ನಿನ್ನ ಹೊಲಿಗೆ ಇಷ್ಟ ಆಯ್ತು ಅನ್ಸುತ್ತೆ."

"ಅಜ್ಜಿಗೆ ಏನಂತ ಹೇಳ್ಲಿ? ದೆವ್ವದ ತಮ್ಮನನ್ನ ಒಪ್ಕೊಂಡೆ ಅಂತಲಾ?"

"ಬೆಚ್ಚಗಿದ್ದಾನೆ ಅಂತ ಹೇಳು," ಎಂದ ಅವನು, ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದು. "ಚುಚ್ಚಿ ನೋಡಿದ್ದೀನಿ ಅಂತ ಹೇಳು."